ಕೂಲಂಟ್ ಬಿಟ್ಟು ಕೊರೆದ ಆರು ಮರೆ

ನನ್ನ ಹೆಂಡತಿ ಬಾಣಲೆಯಲ್ಲಿ ಎಣ್ಣೆ ಕಾಯಲು ಇಟ್ಟರೆ ಮುಂದಿನ ರೂಮಿನಲ್ಲಿ ಕೂತೇ ಹೇಳುತ್ತೇನೆ: ಈಗ ಬೇಡ, ಇನ್ನೊಂದು ನಿಮಿಷ ತಡಿ, ಹ್ಞಾ, ಈಗ ವಡೆ ಹಾಕು. ಅವಳಿಗೆ ರೇಗುತ್ತದೆ. "ನೀವು ಕೆಲ್ಸ ಬುಟ್ರೂ ನಿಮ್ ಮೂಗು ಕೆಲ್ಸ ಬುಡ್ಲಿಲ್ಲ" ಅನ್ನುತ್ತಾಳೆ. ಹೇಗೆ ಬಿಟ್ಟೀತು? ಮೂವತ್ತೊಂಬತ್ತು ವರ್ಷ ಉಕ್ಕು ಬಿಸಿಯಾಗುವ ವಾಸನೆ ಹಿಡಿದು ಅನ್ನ ತಿಂದ ಮೂಗು ಅದು. ಎಣ್ಣೆ ಕಾದದ್ದು ಯಾವಾಗ, ಹೊತ್ತಿದ್ದು ಯಾವಾಗ, ಟೂಲಿನ ಬಾಯಿ ಹೋಗಿ ಬರೀ ಉಜ್ಜುತ್ತಿರುವುದು ಯಾವಾಗ, ಎಲ್ಲ ಅದಕ್ಕೆ ಗೊತ್ತು.

ಟೂಲ್‌ರೂಮಿಗೆ ಈಗ ತಾನೇ ಕಾಲಿಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಚಾರ್ಜ್‌ಹ್ಯಾಂಡ್ ಆದೆ, ಯಾವಾಗ ಇನ್‌ಸ್ಪೆಕ್ಷನ್ ಮೇಜು ಸಿಕ್ಕಿತು ಎಂಬುದೆಲ್ಲ ನಿಮಗೆ ಬೇಡ. ಶಾಖದ ಬಗ್ಗೆ ಹೇಳುತ್ತೇನೆ. ಗಡಸಾದ ಉಕ್ಕಿನಲ್ಲಿ ಸ್ಕ್ರೂ ಕೂರುವ ಥ್ರೆಡ್ ಹಾಕುವಾಗ ನಿಮ್ಮ ನಿಜವಾದ ಎದುರಾಳಿ ಉಕ್ಕಲ್ಲ, ಬಿಸಿ. ಅದರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ನನಗೆ ಇಬ್ಬರು ಕಲಿಸಿದರು. ಒಬ್ಬರು ತಮಿಳಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ. ಕನ್ನಡದ ಪಾಠವೇ ನನಗೆ ಹೆಚ್ಚು ಕಷ್ಟವಾಯಿತು ಎಂದರೆ ನಗಬೇಡಿ.

ನಮ್ಮ ಮನೆ ತಮಿಳು ಸೀಮೆಯ ಅವಿನಾಶಿ ಎಂಬ ಊರಿನಲ್ಲಿ. ಹಿಂದಿನವರು ಮಗ್ಗ ನಂಬಿ ಮೈಸೂರು ಸೀಮೆಯಿಂದ ಬಂದು ನೆಲೆಸಿದವರಂತೆ. ಎಷ್ಟು ತಲೆಮಾರಿನ ಹಿಂದೆ ಎಂದು ಕೇಳಿದರೆ ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದಿದ್ದು, ಬರೆದದ್ದು, ಜಗಳ ಆಡಿದ್ದು ಎಲ್ಲ ತಮಿಳಿನಲ್ಲೇ. ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಐವತ್ತೈದು ದಾಟಿದ ಮೇಲೆ, ಒಂದು ಮಿಲ್ಲಿಂಗ್ ಮೆಷಿನ್ನಿನ ಪಕ್ಕ ನಿಂತು. ಆ ಕಥೆಯೂ ಇದರಲ್ಲೇ ಇದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಗಣಪತಿ ಎಂಬ ಬಡಾವಣೆಯ ಒಂದು ಟೂಲ್‌ರೂಮಿಗೆ ಸೇರಿದೆ. ಮೋಟಾರಿನ ತಗಡು ಕತ್ತರಿಸುವ ಡೈಗಳನ್ನು, ಅಂದರೆ ಉಕ್ಕಿನ ಅಚ್ಚುಗಳನ್ನು, ಮಾಡುವ ಜಾಗ. ಅಲ್ಲಿನ ಫೋರ್‌ಮನ್ ಮಾರಪ್ಪಣ್ಣ. ಆನೈಮಲೈ ಕಡೆಯ ತೆಂಗಿನ ತೋಟದ ಮನೆಯವರು, ಆದರೆ ತೋಟಕ್ಕಿಂತ ಲೇತ್ ಮೇಲೆ ಪ್ರೀತಿ ಜಾಸ್ತಿ. ಥ್ರೆಡ್ ಹಾಕುವ ಟ್ಯಾಪಿಗೆ ಅಂಗಡಿಯ ಎಣ್ಣೆ ಅವರಿಗೆ ಆಗಿಬರುತ್ತಿರಲಿಲ್ಲ. ಊರಿಗೆ ಹೋದಾಗಲೆಲ್ಲ ಗಾಣದ ತೆಂಗಿನೆಣ್ಣೆ ತಂದು ಡಬ್ಬಿಯಲ್ಲಿ ಇಡುತ್ತಿದ್ದರು. ಗಟ್ಟಿ ಉಕ್ಕು ಬಂದರೆ ಅದೇ. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಒಂದು ತೊಟ್ಟು ಎಣ್ಣೆ. ಮಧ್ಯಾಹ್ನದ ಹೊತ್ತಿಗೆ ಇಡೀ ಟೂಲ್‌ರೂಮು ತಲೆಗೆ ಎಣ್ಣೆ ಹಚ್ಚಿಕೊಂಡ ಹಾಗೆ ಘಮಘಮ ಅನ್ನುತ್ತಿತ್ತು.

"ಪುಗೈ ವಂದಾ ಎಣ್ಣೈ ವಿಡು ಡಾ!" ಅನ್ನುತ್ತಿದ್ದರು. ಹೊಗೆ ಬಂದರೆ ಎಣ್ಣೆ ಬಿಡೋ, ಅಷ್ಟೇ. ಈ ಒಂದು ಮಾತನ್ನು ದಿನಕ್ಕೆ ಹತ್ತು ಸಲ ಕೇಳಿ ನನ್ನ ಕೈ ಹೇಗಾಯಿತೆಂದರೆ, ಎಲ್ಲಿ ಹೊಗೆ ಕಂಡರೂ ಅದು ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತಿತ್ತು. ನನ್ನ ಮದುವೆಯ ಹೋಮದಲ್ಲೂ ಪುರೋಹಿತರು ಹೇಳುವ ಮೊದಲೇ ತುಪ್ಪದ ಸೌಟು ಎತ್ತಿ ಬೈಸಿಕೊಂಡೆ.

ಸೇರಿದ ಎರಡನೇ ವರ್ಷ ಒಂದು ಎಡವಟ್ಟು ಮಾಡಿದೆ. ಕಾರ್ಬೈಡ್ ಎಂಬ ಬಲು ಗಡಸು ಲೋಹದ ತುದಿಯಿರುವ ಟೂಲೊಂದನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಸಾಣೆ ಮಾಡುತ್ತಿದ್ದೆ. ಬಿಸಿಯಾಗಿ ಬೆರಳು ಚುರುಕ್ ಅಂದಿತು. ಪಕ್ಕದ ನೀರಿನ ಮಗ್ಗಿನಲ್ಲಿ ಅದ್ದಿದೆ. "ಟಿಕ್" ಅಂತ ಒಂದು ಸದ್ದು. ಬಹಳ ಸಣ್ಣದು, ಉಗುರಿನಿಂದ ಲೋಟ ತಟ್ಟಿದಷ್ಟು. ನನಗೆ ಅದು ಕೇಳಿಸಿದ್ದೇ ಹೆಚ್ಚು. ಆದರೆ ಮಾರಪ್ಪಣ್ಣ ಅಷ್ಟು ದೂರದಿಂದ, ಪ್ರೆಸ್ಸಿನ ಗಲಾಟೆಯ ನಡುವೆ, ಕೇಳಿಸಿಕೊಂಡು ಬಂದರು. ಟೂಲನ್ನು ಒರೆಸಿ ಬೆಳಕಿಗೆ ಹಿಡಿದು ತೋರಿಸಿದರು. ಕೂದಲೆಳೆಯಷ್ಟು ಬಿರುಕು.

ಅವರು ಹೊಡೆಯಲಿಲ್ಲ. ಆ ಟೂಲನ್ನು ನನ್ನ ಅಂಗಿ ಜೇಬಿಗೆ ಹಾಕಿ, ವಾರವಿಡೀ ಹೊತ್ತು ತಿರುಗಲು ಹೇಳಿದರು. ಕಾರ್ಬೈಡು ಬಿಸಿ ತಡೆಯುತ್ತದೆ ರಂಗಾ, ತಣ್ಣಗಿದ್ದರೂ ಸುಮ್ಮನಿರುತ್ತದೆ, ಬಿಸಿಯಾದದ್ದನ್ನು ತಟಕ್ಕನೆ ತಣ್ಣಗೆ ಮಾಡಿದರೆ ಮಾತ್ರ ಸೀಳಿಹೋಗುತ್ತದೆ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ನಾನು ತಲೆಯಾಡಿಸಿದೆ. ಪಾಠ ಕಲಿತೆ ಅಂದುಕೊಂಡೆ. ಕಲಿತಿರಲಿಲ್ಲ ಎಂದು ಗೊತ್ತಾಗಲು ಮೂವತ್ತೈದು ವರ್ಷ ಬೇಕಾಯಿತು.

ಆ ಹೊತ್ತಿಗೆ ಮಾರಪ್ಪಣ್ಣ ತೀರಿಕೊಂಡಿದ್ದರು. ಅವರ ಜಾಗದಲ್ಲಿ ನಾನಿದ್ದೆ. ಕಂಪ್ಯೂಟರ್ ಮೆಷಿನ್ನುಗಳು ಬಂದಿದ್ದವು, ನಾನು ಅವನ್ನೂ ಪಳಗಿಸಿಕೊಂಡಿದ್ದೆ. ಗಡಸು ಮಾಡಿಸಲು ಕುಲುಮೆಗೆ ಹೋಗುವ ಪ್ರತಿ ಡೈಯನ್ನು ನಾನು ಪರೀಕ್ಷಿಸಿ ಜಾಬ್ ಕಾರ್ಡಿಗೆ ಸಹಿ ಹಾಕಬೇಕು. ರಂಗಸ್ವಾಮಿಯ ಸಹಿ ಬಿದ್ದರೆ ಮತ್ತೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಜಂಬ ಇತ್ತು. ಇರಬೇಕಾದದ್ದೇ, ಯಾಕಿರಬಾರದು?

ಆ ಜಂಬಕ್ಕೆ ಸರಿಯಾಗಿ ಪೆಟ್ಟು ಬಿತ್ತು. ದೊಡ್ಡದೊಂದು ಡೈ ಬ್ಲಾಕ್. ಮೂವರು ಸೇರಿ ಎರಡು ತಿಂಗಳು ಕೂತು ಮಾಡಿದ ಕೆಲಸ. ಅದರ ತಳದಲ್ಲಿ ಬೋಲ್ಟ್ ಕೂರಲು ಆರು ತೂತು. ತೂತು ಹೊಡೆದಾಗಿತ್ತು, ಥ್ರೆಡ್ ಹಾಕಿರಲಿಲ್ಲ. ಕುಲುಮೆಯವರ ವ್ಯಾನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ನಾನು ಮೇಲೆಲ್ಲ ಅಳೆದು, ಬ್ಲಾಕನ್ನು ಮಗುಚಿ ನೋಡದೆ ಸಹಿ ಎಳೆದೆ. ನಾಲ್ಕು ದಿನದ ಮೇಲೆ, ಗಡಸಿನ ಅಳತೆಯಲ್ಲಿ ಅರವತ್ತಾಗಿ ವಾಪಸು ಬಂತು. ಅಷ್ಟು ಗಡಸೆಂದರೆ ಅರ ಹಾಕಿ ಉಜ್ಜಿದರೆ ಅರವೇ ಜಾರಿಹೋಗುತ್ತದೆ. ಬೋಲ್ಟ್ ಹಾಕಲು ಹೋದೆ, ಮೂತಿ ಕೂಡ ಒಳಗೆ ಹೋಗಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಒಳಗೆ ನುಣ್ಣಗೆ, ಕನ್ನಡಿಯ ಹಾಗೆ.

ಥ್ರೆಡ್ಡಿಗೆ ನಮ್ಮ ಕಡೆ ಮರೈ ಅನ್ನುತ್ತಾರೆ, ನಮ್ಮ ಮನೆಮಾತಿನಲ್ಲಿ ಅದು ಮರೆ. ಹಾಗಾಗಿ ಆ ದಿನ ನಾನು ಮರೆತದ್ದು ಮರೆ. ಇದನ್ನು ಈಗ ತಮಾಷೆಯಾಗಿ ಹೇಳುತ್ತೇನೆ. ಅವತ್ತು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಹಣೆ ಚಚ್ಚಿಕೊಂಡೆ.

ಮೊದಲಾಳಿ, ಅಂದರೆ ನಮ್ಮ ಮಾಲೀಕರು, ಬ್ಲಾಕನ್ನು ನೋಡಿದರು, ಕಾರ್ಡಿನ ಸಹಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕೂಗಾಡಲಿಲ್ಲ. "ಇದು ಹೋದ್ರೆ, ಇನ್ಮೇಲೆ ಕಾರ್ಡಿಗೆ ಬೇರೆ ಯಾರಾದ್ರೂ ಸಹಿ ಹಾಕ್ಲಿ ರಂಗಣ್ಣ" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಆ ಮೇಜು ಬಿಟ್ಟರೆ ನನಗೆ ಬೇರೆ ಏನಿತ್ತು?

ದಾರಿಗಳು ಕಡಿಮೆ. ಬ್ಲಾಕನ್ನು ಮತ್ತೆ ಕಾಯಿಸಿ ಮೆದು ಮಾಡಿ, ಥ್ರೆಡ್ ಹಾಕಿ, ಮತ್ತೆ ಗಡಸು ಮಾಡಿದರೆ ಅದು ಸೊಟ್ಟಗಾಗುತ್ತದೆ. ಟ್ಯಾಪ್ ಹಾಕಲು ಹೋದರೆ ಟ್ಯಾಪು ಒಳಗೇ ಮುರಿದು ಕಚ್ಚಿಕೊಳ್ಳುತ್ತದೆ, ಗಾಣದ ಎಣ್ಣೆ ಸುರಿದರೂ ಅಷ್ಟೇ. ಆಗ ಬಾಯಿ ಬಿಟ್ಟವರು ಸುಮಂಗಲಾ ಮೇಡಂ. ನಮ್ಮಲ್ಲಿಗೆ ಪ್ರೊಸೆಸ್ ಇಂಜಿನಿಯರ್ ಆಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ದಾವಣಗೆರೆಯವರು, ಮೂವತ್ತರ ಆಸುಪಾಸು, ವಯಸ್ಸಿನಲ್ಲಿ ನನ್ನ ಮಗಳಂತೆ, ಕೆಲಸದಲ್ಲಿ ನನ್ನ ಮೇಲಿನವರು. ನನಗೆ ಕನ್ನಡ ಬರುತ್ತದೆಂದು ತಿಳಿದ ದಿನ ಕುಣಿದಾಡಿಬಿಟ್ಟಿದ್ದರು. "ಅಯ್ಯೋ, ಮೊದ್ಲೇ ಹೇಳಬಾರದಿತ್ತೇನ್ರೀ ರಂಗಣ್ಣಾ! ಇಷ್ಟು ದಿನ ಕೈಬಾಯಿ ಸನ್ನಿ ಮಾಡಿ ಸಾಯಾಕತ್ತಿದ್ದೆ" ಅಂದಿದ್ದರು. ಅವರ ಕನ್ನಡ ಕೇಳುವಾಗ ನನಗೆ ಮುಕ್ಕಾಲು ಅರ್ಥವಾಗುತ್ತಿತ್ತು, ಉಳಿದ ಕಾಲು ಪಾಲಿಗೆ ತಲೆಯಾಡಿಸುತ್ತಿದ್ದೆ.

ಅವರು ಹೇಳಿದ್ದು ಥ್ರೆಡ್ ಮಿಲ್. ಅದು ಕಾರ್ಬೈಡಿನ ಸಣ್ಣ ಕಟರ್. ಟ್ಯಾಪಿನ ಹಾಗೆ ತೂತನ್ನು ತುಂಬಿಕೊಂಡು ಇಳಿಯುವುದಿಲ್ಲ. ತೂತಿಗಿಂತ ಸಣ್ಣಗಿದ್ದು, ತಾನೂ ಗಿರ್ರನೆ ತಿರುಗುತ್ತ, ಒಳಗೋಡೆಯನ್ನು ಸುತ್ತಿಕೊಂಡು ಸ್ವಲ್ಪ ಸ್ವಲ್ಪವೇ ಕೊರೆಯುತ್ತ ಮೇಲೇರುತ್ತದೆ. ಮುರಿದರೂ ಕಚ್ಚಿಕೊಳ್ಳುವುದಿಲ್ಲ, ಎತ್ತಿ ಬಿಸಾಡಬಹುದು. ಅಂಥವು ಎರಡೇ ಎರಡು ಸಿಕ್ಕವು. ಮೂರನೆಯದು ಬೇಕೆಂದರೆ ಮೂರು ವಾರ ಕಾಯಬೇಕು, ಗಿರಾಕಿಗೆ ಡೈ ಕೊಡಬೇಕಾದದ್ದು ಆ ಶನಿವಾರ.

ಮೊದಲು ಅಷ್ಟೇ ಗಡಸಿನ ತುಂಡೊಂದರ ಮೇಲೆ ಪ್ರಯೋಗ. ನಾನು ಪ್ರೋಗ್ರಾಂ ಹಾಕಿ, ತುಂಡು ಬಿಗಿದು ನಿಂತಿದ್ದೆ. ಮೇಡಂಗೆ ಮೇಲಿನ ಆಫೀಸಿನಿಂದ ಕರೆ ಬಂತು. ಮೆಟ್ಟಿಲು ಹತ್ತುತ್ತಲೇ ಕೂಗಿದರು: "ರಂಗಣ್ಣಾ, ಕೂಲಂಟ್ ಬಿಟ್ಟು ಓಡಸ್ರೀ!"

"ಆಯ್ತು ಮೇಡಂ" ಅಂದೆ. ಕೂಲಂಟ್ ಅಂದರೆ ಹಾಲಿನಂತಿರುವ ಎಣ್ಣೆ ಬೆರೆಸಿದ ನೀರು. ಕವಾಟ ಪೂರ್ತಿ ತಿರುಗಿಸಿ ಬಿಟ್ಟೆ. ಕಟರ್ ಮೇಲೆ ಧಾರಾಳವಾಗಿ ಸುರಿಯಿತು. ಒಂದು ತೂತು ಚೆನ್ನಾಗಿಯೇ ಆಯಿತು. ಎರಡನೆಯದರ ಮಧ್ಯದಲ್ಲಿ, ಆ ನೀರಿನ ಸದ್ದಿನ ನಡುವೆ, "ಟಿಕ್" ಅಂದಿತು.

ಕಟರನ್ನು ಎತ್ತಿ ನೋಡಿದರೆ ಹಲ್ಲು ಉದುರಿತ್ತು.

ಮೇಡಂ ಇಳಿದು ಬಂದರು. ಮೊದಲಾಳಿಯೂ ಬಂದರು. ನನಗೆ ಮೈಯೆಲ್ಲ ಉರಿ. "ಇದೇ ನಿಮ್ ಒಸಾ ಮೆಥೆಡ್ಡಾ? ಎರಡು ತೂತು ತಾಳ್ಲಿಲ್ಲ!" ಅಂದೆ.

"ನಾ ಹೇಳಿದಂಗ ಮಾಡಿದ್ರೆ ತಾಳತಿತ್ತು! ಕೂಲಂಟ್ ಬಿಡ್ರೀ ಅಂದ್ನೋ ಇಲ್ಲೋ?"

"ಏಳಿದ್ರಿ! ಬುಟ್ಟೆ!"

"ಎಲ್ಲಿ ಬಿಟ್ರಿ?"

"ಇಲ್ಲಿ ತಾನೆ ಬುಟ್ಟೆ! ಫುಲ್ಲಾಗಿ ಬುಟ್ಟೆ! ಕಣ್ಣು ಕಾಣ್ಸಲ್ವಾ? ನೆಲ ಎಲ್ಲಾ ಐತೆ ನೋಡಿ!"

ಮೇಡಂ ನೆಲ ನೋಡಿದರು. ಅವರ ಬೂಟುಗಳು ಬಿಳಿ ನೀರಿನಲ್ಲಿ ನಿಂತಿದ್ದವು. ಆಮೇಲೆ ಬಹಳ ಮೆತ್ತಗೆ ಹೇಳಿದರು: "ರಂಗಣ್ಣಾ, ಬಿಟ್ಟು ಅಂದ್ರೆ... ಅದನ್ನ ಬ್ಯಾಡ ಅಂತ. ಅದಿಲ್ದೇ ಓಡಸ್ರಿ ಅಂತ."

ನಮಗೆ 'ಎಣ್ಣೆ ಬಿಡು' ಅಂದರೆ ಸುರಿ ಎಂದೇ ಅರ್ಥ. ಮಾರಪ್ಪಣ್ಣನ 'ವಿಡು' ಮೂವತ್ತೈದು ವರ್ಷ ನನ್ನ ಕೈಯಲ್ಲಿ ಕೂತಿತ್ತು. ಮೊದಲಾಳಿ "ಎನ್ನಂಗ ಪ್ರಚನೈ?" ಏನು ಸಮಸ್ಯೆ ಎಂದರು. ನಾನು ವಿವರಿಸಿದೆ. ಅವರು ಒಂದು ಕ್ಷಣ ಯೋಚಿಸಿ, ತಮಿಳಿನಲ್ಲೂ ಅದೇ ಕಥೆಯಲ್ಲವೇ ಎಂದು ನಗಲು ಶುರುಮಾಡಿದರು. ಮೇಡಂ ಕೂಡ ನಕ್ಕರು, ತಪ್ಪು ತಮ್ಮ ಮಾತಿನದೇ ಎಂದರು, ಸಾರಿ ಕೇಳಿದರು. ಅಲ್ಲಿಗೆ ಮುಗಿಯಬಹುದಿತ್ತು. ಎಲ್ಲರೂ ಒಂದು ಪದದ ಮೇಲೆ ತಪ್ಪು ಹೊರಿಸಿ ಟೀ ಕುಡಿಯಲು ಹೋಗಬಹುದಿತ್ತು.

ಆದರೆ ನನಗೆ ನಗು ಬರಲಿಲ್ಲ. ನಾನು ಆ "ಟಿಕ್" ಕೇಳಿದ್ದೆ. ಕೇಳಿದ ತಕ್ಷಣ ಅದೇನೆಂದು ಗೊತ್ತಾಗಿತ್ತು. ಥ್ರೆಡ್ ಮಿಲ್ಲಿನ ಹಲ್ಲು ಉಕ್ಕನ್ನು ಕಚ್ಚಿದಾಗ ಕೆಂಡದ ಹಾಗೆ ಕಾಯುತ್ತದೆ, ಬಿಟ್ಟು ತಿರುಗಿದಾಗ ನೀರು ಬಿದ್ದು ತಣ್ಣಗಾಗುತ್ತದೆ, ಮತ್ತೆ ಕಚ್ಚುತ್ತದೆ, ಮತ್ತೆ ನೀರು. ನಿಮಿಷಕ್ಕೆ ಸಾವಿರ ಸಲ ಮಗ್ಗಿನಲ್ಲಿ ಅದ್ದಿದ ಹಾಗೆ. ಇದು ನನ್ನ ಜೇಬಿನಲ್ಲಿ ವಾರ ಹೊತ್ತು ತಿರುಗಿದ ಪಾಠ! ಯಾರು ಯಾವ ಭಾಷೆಯಲ್ಲಿ ಏನು ಹೇಳಿದರೂ ಕವಾಟದ ಮೇಲೆ ಕೈ ಇಡುವ ಮುಂಚೆ ನಾನು ಯೋಚಿಸಬೇಕಿತ್ತು.

"ಮೇಡಂ, ಮಾತು ನಿಮ್ದು. ತಪ್ಪು ನಂದು. ನಂಗೆ ಗೊತ್ತಿತ್ತು" ಅಂದೆ. ಮೊದಲಾಳಿಗೂ ತಮಿಳಿನಲ್ಲಿ ಅದನ್ನೇ ಹೇಳಿದೆ. ಮಗ್ಗಿನ ಕಥೆ ಹೇಳಿದೆ. ಮೊದಲಾಳಿ ನಗು ನಿಲ್ಲಿಸಿ, ಉಳಿದ ಒಂದು ಕಟರನ್ನು ಡಬ್ಬಿ ಸಮೇತ ನನ್ನ ಕೈಗೆ ಕೊಟ್ಟು ಹೋದರು.

ಮರುದಿನ ಬೆಳಗ್ಗೆ ಮೆಷಿನ್ನಿನ ಕವಾಟದ ಮೇಲೆ ಒಂದು ಚೀಟಿ ಅಂಟಿತ್ತು. ಕನ್ನಡದಲ್ಲಿ, ದಪ್ಪ ಅಕ್ಷರ. ನಾನು ಅದರ ಮುಂದೆ ನಿಂತು ನೋಡಿದೆ. ಮೇಡಂ ಬಂದು, "ಈಗ ಗೊಂದಲ ಇಲ್ಲಲ್ರೀ?" ಅಂದರು. ತಲೆಯಾಡಿಸಿಬಿಡೋಣ ಅನ್ನಿಸಿತು. ಹಿಂದಿನ ದಿನದ ನೆನಪಾಗಿ, "ನಂಗೆ ಕನ್ನಡ ಓದಕ್ ಬರಲ್ಲ ಮೇಡಂ" ಅಂದೆ. ಅವರು ಅಕ್ಷರಗಳ ಮೇಲೆ ಬೆರಳಿಟ್ಟು, "ಇದು ಬೇ. ಇದು ಡ. ಬೇಡ" ಅಂದರು. ನಾನು ಕಲಿತ ಮೊದಲ ಕನ್ನಡ ಪದ ಅದೇ.

ಬ್ಲಾಕ್ ಏರಿಸಿದೆವು. ನೀರಿಲ್ಲ, ಎಣ್ಣೆಯಿಲ್ಲ, ಕಟರಿನ ಬಾಯಿಗೆ ನೇರವಾಗಿ ಕಂಪ್ರೆಸರಿನ ಗಾಳಿ ಮಾತ್ರ. ಒಂದೊಂದು ತೂತಿಗೆ ಮೂರು ಸುತ್ತು. ಮೊದಲ ತೂತಿನಲ್ಲಿ ನನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದೆ, ಸುಳ್ಳಲ್ಲ. ತೆಳ್ಳನೆಯ ಹೊಗೆ ಎದ್ದಾಗಲೆಲ್ಲ ಕೈ ಕವಾಟದ ಕಡೆ ಎಳೆಯುತ್ತಿತ್ತು. ಪುಡಿ ಪುಡಿ ಉಕ್ಕು ಕಂದು ಬಣ್ಣಕ್ಕೆ, ನೀಲಿ ಬಣ್ಣಕ್ಕೆ ತಿರುಗಿ ಹಾರಿ ಬರುತ್ತಿತ್ತು. ಮುಗಿದ ಮೇಲೆ ಬ್ಲಾಕ್ ಮುಟ್ಟಿ ನೋಡಿದೆ. ಬೆಚ್ಚಗೂ ಆಗಿರಲಿಲ್ಲ. ಬಿಸಿಯನ್ನೆಲ್ಲ ಆ ಪುಡಿಯೇ ಹೊತ್ತುಕೊಂಡು ಹೋಗಿತ್ತು. ಬಿಸಿಯನ್ನು ಆರಿಸುವುದಷ್ಟೇ ದಾರಿಯಲ್ಲ, ಅದು ಹೊರಗೆ ಹೋಗಲು ದಾರಿ ಕೊಟ್ಟರೂ ಆಯಿತು ಎಂಬುದನ್ನು ಐವತ್ತಾರನೇ ವಯಸ್ಸಿನಲ್ಲಿ ನನ್ನ ಅಂಗೈ ಕಲಿತದ್ದು ಅಲ್ಲಿ.

ಎರಡು, ಮೂರು, ನಾಲ್ಕು ಆದವು. ಐದನೆಯದು ಅರ್ಧಕ್ಕೆ ಬಂದಿದೆ, ಗಾಳಿಯ ಸದ್ದು ಕುಗ್ಗಿತು. ಕಂಪ್ರೆಸರ್ ಟ್ರಿಪ್ ಆಗಿತ್ತು. ಪುಡಿ ತೂತಿನೊಳಗೇ ನಿಲ್ಲತೊಡಗಿತು. ಕಟರ್ ಅದನ್ನೇ ಮತ್ತೆ ಅರೆಯುವ ಸದ್ದು, ಮೂಗಿಗೆ ಸುಟ್ಟ ವಾಸನೆ. ನನ್ನ ಕೈ ಕವಾಟಕ್ಕೆ ಹೋಗಿಯೇಬಿಟ್ಟಿತು.

ಮೇಡಂ ಓಡಿಬಂದರು. "ರಂಗಣ್ಣಾ! ಬಿಡ್...!" ಅಂದು ನಾಲಿಗೆ ಕಚ್ಚಿಕೊಂಡು, "ಬ್ಯಾಡ! ಬ್ಯಾಡ! ಬ್ಯಾಡ!" ಎಂದು ಚೀರಿದರು.

ಕವಾಟದ ಮೇಲಿದ್ದ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದ ಹಾಗೆ ನೆನಪು. ಇನ್ನೊಂದು ಕೈಯಿಂದ ಗುಂಡಿ ಒತ್ತಿ ಕಟರನ್ನು ತೂತಿನ ಮಧ್ಯಕ್ಕೆ ಸರಿಸಿ ನಿಧಾನವಾಗಿ ಮೇಲೆತ್ತಿದೆ. ಅದು ಹೊರಗೆ ಬಂದು ಸುಮ್ಮನೆ ತಿರುಗುತ್ತಿತ್ತು. ಯಾವ ಸದ್ದೂ ಇಲ್ಲ. ಅದು ತಾನಾಗಿ ತಣ್ಣಗಾಗುವವರೆಗೆ ನಾವಿಬ್ಬರೂ ಅದರ ಮುಂದೆ ದೇವರ ಮುಂದೆ ನಿಂತಂತೆ ನಿಂತೆವು. ಭೂತಗನ್ನಡಿ ಹಿಡಿದು ಹಲ್ಲು ಎಣಿಸಿದೆ. ಒಂದೂ ಉದುರಿರಲಿಲ್ಲ. ತೂತನ್ನು ಬ್ರಷ್ಷಿನಿಂದ ಗುಡಿಸಿ, ಕಂಪ್ರೆಸರ್ ಸರಿಮಾಡಿಸಿ, ಐದನೆಯದನ್ನು ಮುಗಿಸಿ, ಆರನೆಯದನ್ನೂ ಮುಗಿಸಿದೆ.

ಥ್ರೆಡ್ ಅಳತೆ ಸರಿಯೇ ಎಂದು ಎರಡು ತುದಿಯ ಗೇಜ್ ಹಾಕಿ ನೋಡುವಾಗ ಮೊದಲಾಳಿ ಪಕ್ಕದಲ್ಲಿದ್ದರು. ಹೋಗಬೇಕಾದ ತುದಿ ಆರರಲ್ಲೂ ಬೆಣ್ಣೆಯಂತೆ ಇಳಿಯಿತು, ಹೋಗಬಾರದ ತುದಿ ಆರರಲ್ಲೂ ಬಾಗಿಲಲ್ಲೇ ನಿಂತಿತು. ಅವರು ಜಾಬ್ ಕಾರ್ಡನ್ನು ನನ್ನ ಕಡೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಎಷ್ಟೋ ಸಹಿ ಹಾಕಿದ್ದೇನೆ. ತಳಕ್ಕೆ ಮತ್ತೊಮ್ಮೆ ಟಾರ್ಚ್ ಬಿಟ್ಟು ನೋಡಿ ಹಾಕಿದ್ದು ಅದೊಂದನ್ನು.

ಅಂದಿನಿಂದ ನಮ್ಮ ಟೂಲ್‌ರೂಮಿನಲ್ಲಿ ಬಿಡು, ವಿಡು ಎರಡೂ ಬಂದ್. ಬೇಕು, ಬೇಡ, ಅಷ್ಟೇ. ಮೇಡಂ ಟೀ ಹೊತ್ತಿನಲ್ಲಿ ದಿನಕ್ಕೆರಡು ಅಕ್ಷರ ಕಲಿಸಿದರು. ಚಾಕ್‌ಪೀಸಿನಿಂದ ಮೆಷಿನ್ನಿನ ಬಾಗಿಲ ಮೇಲೆ ಬರೆಯುತ್ತಿದ್ದೆ. ನನ್ನ ಒತ್ತಕ್ಷರಗಳನ್ನು ನೋಡಿ ಅವರು ಬಹಳ ನಕ್ಕಿದ್ದಾರೆ. ಅವರ ತಮಿಳು ಕೇಳಿ ನಾವು ನಕ್ಕಿದ್ದಕ್ಕೆ ಅದು ಸಮವಾಯಿತು.

ನಾನು ನಿವೃತ್ತನಾಗುವ ವಾರ ಅದೇ ಬ್ಲಾಕ್ ಸಾಣೆಗೆಂದು ವಾಪಸು ಬಂತು. ಲಕ್ಷಾಂತರ ತಗಡು ಕತ್ತರಿಸಿ ದಣಿದು ಬಂದಿತ್ತು. ಹುಡುಗರು ಸ್ಪ್ಯಾನರ್ ತಂದರು. ನಾನು ಒಂದು ಸಲ ಸಡಿಲಿಸಿ, ಸ್ಪ್ಯಾನರ್ ಬದಿಗಿಟ್ಟು, ಎರಡೇ ಬೆರಳಿನಲ್ಲಿ ಬೋಲ್ಟ್ ತಿರುಗಿಸಿದೆ. ಸಲೀಸಾಗಿ ಬಂತು. ಆರೂ ಹಾಗೇ ಬಂದವು. ಸುತ್ತ ನಿಂತವರಿಗೆ ಅದೇನು ದೊಡ್ಡದೆಂದು ಗೊತ್ತಾಗಲಿಲ್ಲ. ಮೇಡಂಗೆ ಗೊತ್ತಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆರನ್ನೂ ಮತ್ತೆ ಹಾಕಿ ಮತ್ತೆ ಬಿಚ್ಚಿದೆ.

ಕಾರ್ಡಿನಲ್ಲಿ ಷರಾ ಬರೆಯಲು ಜಾಗವಿರುತ್ತದೆ, ಯಾರೂ ಬರೆಯುವುದಿಲ್ಲ. ನಾನು ಅಲ್ಲಿ ಕನ್ನಡದಲ್ಲಿ ಬರೆದೆ, ಆರು ಮರೆ ಮರೆತವನೂ ನಾನೇ, ಕೊರೆದವನೂ ನಾನೇ ಎಂದು. ಕೆಳಗೆ ರಂಗಸ್ವಾಮಿ ಎಂದು ಕನ್ನಡದಲ್ಲೇ ಸಹಿ ಹಾಕಿದೆ. ನಮ್ಮ ವಂಶದಲ್ಲಿ ಕನ್ನಡದಲ್ಲಿ ಹೆಸರು ಬರೆದವರು ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ.

ಮೇಡಂ ಅದನ್ನು ಎರಡು ಸಲ ಓದಿದರು. ಕಣ್ಣು ತುಂಬಿತ್ತು. ಮರೆಸಲು ಗದರಿದರು: "ಕೊರೆಗೆ ದೀರ್ಘ ಎಳೆದು ಕೋರೆ ಮಾಡೀರಿ ನೋಡ್ರಿ, ಹಲ್ಲಾತು ಅದು! ಹೋಗ್ಲಿ, ಬಿಡ್ರಿ ರಂಗಣ್ಣಾ."

ನಾನು ಪೆನ್ನು ಎತ್ತಿ ಹಿಡಿದು ಕೇಳಿದೆ: "ಯಾವ ಬಿಡಿ, ಮೇಡಂ?"